ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಸ್ಮಿಲ್ಯಾನಾ ಎಲ್ಲಿದ್ದಳು

ನಮ್ಮ ಊರಿಗೆ ಎರಡು ದಿನ ನೀರಿಲ್ಲದಂತೆ ಮಾಡಿದವಳು ಸ್ಮಿಲ್ಯಾನಾ ಪೆಯೋವಿಚ್ ಎಂದು ಈಗ ಸಂತೆಯಲ್ಲಿ ಚೀಸ್ ಮಾರುವವರೂ ಹೇಳುತ್ತಾರೆ. ಪಂಪು ಯಾವ ಕಡೆ ತಿರುಗುತ್ತದೆ ಎಂದು ಗೊತ್ತಿಲ್ಲದವರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಜಿವೊತ. ಊರಿನ ನೀರು ಸರಬರಾಜು ಕಚೇರಿಯಲ್ಲಿ ಪೈಪು ರಿಪೇರಿ ಗ್ಯಾಂಗಿನ ಮೇಸ್ತ್ರಿ. ಇಪ್ಪತ್ತೇಳು ವರ್ಷದಿಂದ ಸ್ಮಿಲ್ಯಾನಾಳ ಪಕ್ಕದ ಮನೆಯವನು. ಅವಳ ಬಗ್ಗೆ ಮಾತಾಡುವ ಹಕ್ಕು ನನಗಿದೆ ಎಂದುಕೊಂಡೇ ಇದನ್ನು ಹೇಳಹೊರಟಿದ್ದೇನೆ. ಇದೆಯೋ ಇಲ್ಲವೋ ನೀವೇ ನೋಡಿ.

ಅವಳ ಅಪ್ಪ ಮೂರನೇ ಪಂಪ್ ಮನೆಯ ಕಾವಲುಗಾರರಾಗಿದ್ದರು. ಸ್ಮಿಲ್ಯಾನಾ ಹುಟ್ಟಿ ಬೆಳೆದದ್ದು ಆ ಪಂಪಿನ ಗುಡುಗುಡು ಸದ್ದಿನ ಪಕ್ಕದಲ್ಲಿ. ಚಾಚಕ್ ನಗರದಲ್ಲಿ ಎಲೆಕ್ಟ್ರಿಕಲ್ ಓದಿ, ಇಪ್ಪತ್ತೆರಡನೇ ವಯಸ್ಸಿಗೆ ನಮ್ಮ ಕಚೇರಿಯ ದೂರವಾಣಿ ಕೋಣೆ ಸೇರಿದಳು. ತೊಂಬತ್ತರ ದಶಕದಲ್ಲಿ, ಯುದ್ಧದ ಕಾಲದ ನಿರ್ಬಂಧದಿಂದ ಹೊರಗಿನಿಂದ ಒಂದು ಮೊಳೆಯೂ ಬರದೆ ದೇಶವೇ ಒದ್ದಾಡುತ್ತಿದ್ದಾಗ, ಹಳೆಯ ರೇಡಿಯೊಗಳನ್ನು ಬಿಚ್ಚಿ ಪಂಪುಗಳ ಕಂಟ್ರೋಲ್ ಬೋರ್ಡುಗಳನ್ನು ರಿಪೇರಿ ಮಾಡಿದವಳು ಅವಳು. ಆಗ ಅವಳಿಗೆ ಯಾರೂ ಹಾರ ಹಾಕಲಿಲ್ಲ. ಹಾಕಿದ್ದರೆ ಅದನ್ನೂ ಬಿಚ್ಚಿ ತಂತಿ ತೆಗೆದುಕೊಳ್ಳುತ್ತಿದ್ದಳೋ ಏನೋ. ಗಂಡ ದ್ರಾಗಿಶ ಹೃದಯದ ಕಾಯಿಲೆಯಲ್ಲಿ ಹೋದ. ಮಕ್ಕಳಿಲ್ಲ. ಅವನು ಹೋದ ಮೇಲೂ ಅವನ ಮನೆಸಂತನ ಹಬ್ಬವನ್ನು, ನಾವು ಸ್ಲಾವ ಎನ್ನುತ್ತೇವೆ, ಅವಳು ಬಿಡಲಿಲ್ಲ. ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ, ಬಂದವರಿಗೆಲ್ಲ ನಿಂತೇ ಬಡಿಸಬೇಕು. ಹೆಂಗಸು ಯಜಮಾನನ ಜಾಗದಲ್ಲಿ ನಿಲ್ಲುವುದೇ ಎಂದು ಗಂಡನ ಕಡೆಯವರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳದೆ ನಿಂತಳು.

ಒಂಬತ್ತು ವರ್ಷದ ಹಿಂದೆ, ಪಂಪುಗಳನ್ನೆಲ್ಲ ಕಂಪ್ಯೂಟರಿಗೆ ಜೋಡಿಸಿದಾಗ, ಹೊರಗಿನ ಕಳ್ಳರು ಕಂಪ್ಯೂಟರ್ ಜಾಲದೊಳಗೆ ನುಗ್ಗದಂತೆ ಒಂದು ಪೆಟ್ಟಿಗೆ ತಂದು ನಡುವೆ ಇಟ್ಟರು. ಅದನ್ನು ನೋಡಿಕೊಳ್ಳುವ ಕೆಲಸ ಸ್ಮಿಲ್ಯಾನಾಳ ತಲೆಗೆ ಬಂತು. ಆಗ ಅವಳಿಗೆ ಐವತ್ತೆರಡು. ಎರಡು ಕನ್ನಡಕ ಹಾಕಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಡಿಕ್ಷನರಿ ತೆರೆದಿಟ್ಟು, ನಾನೂರು ಪುಟದ ಇಂಗ್ಲಿಷ್ ಕೈಪಿಡಿಯನ್ನು ಒಂದು ಚಳಿಗಾಲದಲ್ಲಿ ಓದಿ ಮುಗಿಸಿದಳು. ಏನಿದೆ ಅದರಲ್ಲಿ ಎಂದು ಒಮ್ಮೆ ಕಾಫಿ ಕುಡಿಯುತ್ತ ಕೇಳಿದೆ.

“ಅದರೊಳಗೆ ಎಂಜಿನ್‌ಗಳಿವೆ ಕಣೋ. ಡೀಸೆಲ್ ಎಂಜಿನ್ ಅಲ್ಲ, ಕಣ್ಣು ಹಿಗ್ಗಿಸ್ಬೇಡ,” ಅಂದಳು. “ಒಂದು ಎಂಜಿನ್ನು ಒಳಗೆ ಬರೋ ಮಾತಿನ ತುಣುಕುಗಳನ್ನ ಒಂದೊಂದಾಗಿ ನೋಡುತ್ತೆ. ಇನ್ನೊಂದು ಎಲ್ಲಾ ಜೋಡಿಸಿ, ಅದರಲ್ಲಿ ಕಳ್ಳರ ಮಾತೇನಾದ್ರೂ ಇದ್ಯಾ ಅಂತ ಓದುತ್ತೆ. ಮತ್ತೊಂದು ಬರೀ ಎಣಿಸುತ್ತೆ, ಒಂದು ಸೆಕೆಂಡಿಗೆ ಎಷ್ಟು ಜನ ಬಾಗಿಲು ಬಡಿದ್ರು ಅಂತ. ಇನ್ನೊಂದಕ್ಕೆ ಬರೀ ಶಿಸ್ತು. ಪಂಪು ಅಂದ್ಮೇಲೆ ಇಷ್ಟೇ ಉದ್ದ, ಹಿಂಗೇ ಮಾತಾಡ್ಬೇಕು ಅನ್ನುತ್ತೆ. ಒಂದೊಂದಕ್ಕೂ ಕಳ್ಳರ ಗುರುತು ಹೇಳಿಕೊಡ್ಬೇಕು. ಗುರುತು ಕಂಡ್ರೆ ಏನ್ಮಾಡ್ಬೇಕು ಅಂತಾನೂ ಹೇಳ್ಬೇಕು. ಸುಮ್ನೆ ಬರೆದಿಡ್ಬೇಕಾ, ತಡೀಬೇಕಾ.”

“ಎಲ್ಲಾನೂ ತಡೀ ಅಂದ್ಬಿಟ್ರೆ ಆಯ್ತಲ್ಲ.”

“ನಿನ್ನ ತಲೆ! ನಮ್ಮ ಪಂಪುಗಳು ಏನು ಒಂದೇ ತಾಯಿ ಮಕ್ಕಳಾ? ಒಂದು ಎಪ್ಪತ್ತನೇ ಇಸವಿದು, ಒಂದು ಮೊನ್ನೆದು. ಗಂಟೆ ಹೊಡೀತಿದ್ದ ಹಾಗೆ ಇಪ್ಪತ್ತಮೂರು ಪಂಪೂ ಒಟ್ಟಿಗೆ ಬಾಯಿ ತೆಗೀತವೆ. ಎಣಿಸೋ ಎಂಜಿನ್ನು ಅದನ್ನ ದಂಗೆ ಅಂದ್ಕೊಳ್ಳುತ್ತೆ. ನಮ್ಮಪ್ಪನ ಮೂರನೇ ಪಂಪು ಒಂದು ಮಾತು ಕೇಳಿದ್ರೆ ಎರಡು ಹೇಳುತ್ತೆ. ಶಿಸ್ತಿನ ಎಂಜಿನ್ನು ಅದನ್ನ ಕಳ್ಳ ಅನ್ನುತ್ತೆ. ಎಲ್ಲಾನೂ ತಡೆದ್ರೆ ಊರಿಗೆ ನೀರು ನೀನು ಹೊತ್ತು ಹಾಕ್ತೀಯಾ?”

ಹಾಗೆ ನೋಡಿ ನೋಡಿ, ಒಂದೊಂದು ಗುರುತಿಗೂ ಎರಡು ವಾರ ಕಾವಲು ಕೂತು, ಅವಳು ಆ ಪೆಟ್ಟಿಗೆಯನ್ನು ಹದಕ್ಕೆ ತಂದಿದ್ದಳು. ಹೊರಗಿನವರಿಗೆ ಬಾಗಿಲು ಬಂದ್. ನಮ್ಮ ಪಂಪುಗಳನ್ನೇ ಕಳ್ಳರು ಎಂದುಕೊಳ್ಳುವ ಅರವತ್ತೊಂದು ನಿಯಮಗಳು ಮಾತ್ರ ತಡೆಯುವುದಿಲ್ಲ, ಕಂಡದ್ದನ್ನು ಬರೆದಿಡುತ್ತವೆ. ಬರೆದದ್ದನ್ನು ಅವಳು ದಿನಾ ಬೆಳಿಗ್ಗೆ ಓದುತ್ತಾಳೆ. ಒಂಬತ್ತು ವರ್ಷ ಒಬ್ಬ ಕಳ್ಳನೂ ನುಗ್ಗಲಿಲ್ಲ, ಒಂದು ಪಂಪೂ ನಿಲ್ಲಲಿಲ್ಲ.

ಇದು ಹೊಸ ಡೈರೆಕ್ಟರ್ ತಿಹೊಮಿರ್ ಗಾಚಿಚ್‌ಗೆ ಸಾಲಲಿಲ್ಲ. ನಲವತ್ತೈದರ ಈ ಮನುಷ್ಯ ಪಕ್ಷದವರ ಕೃಪೆಯಿಂದ ಬಂದು ಕುರ್ಚಿಯಲ್ಲಿ ಕೂತವನು. ಬಂದ ವರ್ಷವೇ ಪಂಪ್ ಮನೆಗಳ ಕಾವಲುಗಾರರನ್ನೆಲ್ಲ ತೆಗೆದುಹಾಕಿದ. ಈಗ ಅವನಿಗೆ ಒಂದು ಸುರಕ್ಷತಾ ಪ್ರಮಾಣಪತ್ರ ಬೇಕಿತ್ತು. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಲು. ಅದಕ್ಕೆ ಬೆಲ್‌ಗ್ರೇಡಿನಿಂದ ಒಗ್ನೆನ್ ಎಂಬ ಸಲಹೆಗಾರನನ್ನು ಕರೆಸಿದ. ಬಿಗಿ ಪ್ಯಾಂಟು, ಸಾಕ್ಸಿಲ್ಲದ ಶೂ. ನಮ್ಮ ಊರಿನ ಒಂದು ಪಂಪನ್ನೂ ಅವನು ಕಣ್ಣಾರೆ ನೋಡಲಿಲ್ಲ. ಕರೆದುಕೊಂಡು ಹೋಗುತ್ತೇನೆ ಬಾ ಎಂದು ನಾನೇ ಕರೆದೆ. ಶೂ ಕೆಸರಾಗುತ್ತದೆ ಎಂದ!

“ನಿಮ್ಮ ಅಂಕ ಎಪ್ಪತ್ನಾಲ್ಕು ಪರ್ಸೆಂಟು ಮೇಡಂ,” ಎಂದ ಒಗ್ನೆನ್, ಸ್ಮಿಲ್ಯಾನಾಳ ಕೋಣೆಯಲ್ಲಿ. “ಅರವತ್ತೊಂದು ರೂಲುಗಳು ಸುಮ್ನೆ ನೋಡ್ತಾ ಕೂತಿವೆ. ಎಲ್ಲಾನೂ ತಡೆಯೋದಕ್ಕೆ ಹಾಕಿ, ನೂರಕ್ಕೆ ನೂರು ಬರುತ್ತೆ.”

“ನೂರಕ್ಕೆ ನೂರು ಬಂದ್ರೆ ನಲ್ಲೀಲಿ ಏನು ಬರುತ್ತಪ್ಪ?” ಎಂದಳು ಅವಳು.

ಅವಳು ಒಪ್ಪಲಿಲ್ಲ. ಡೈರೆಕ್ಟರ್ ಎರಡು ಸಲ ಕರೆಸಿ ಹೇಳಿದ. ಎರಡು ಸಲವೂ ಒಪ್ಪಲಿಲ್ಲ. ಕಾಗದದಲ್ಲಿ ಆದೇಶ ಕೊಡಿ, ಸಹಿ ಹಾಕಿ ಕೊಡಿ, ಮಾಡುತ್ತೇನೆ ಎಂದಳು. ಸಹಿ ಹಾಕುವುದೆಂದರೆ ಆ ಮನುಷ್ಯನ ಕೈಗೆ ಲಕ್ವ ಹೊಡೆಯುತ್ತಿತ್ತು.

ಅಕ್ಟೋಬರ್ ಮೂವತ್ತೊಂದು ಸಂತ ಲೂಕನ ದಿನ. ಸ್ಮಿಲ್ಯಾನಾಳ ಮನೆಯ ಸ್ಲಾವ. ಆ ದಿನ ರಜೆ ಹಾಕುವುದು ಅವಳ ಹಕ್ಕು, ಕಾನೂನೇ ಕೊಟ್ಟದ್ದು. ಸ್ಲಾವಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಮ್ಮೆ ಹೋದವನು ಪ್ರತಿ ವರ್ಷ ಹೋಗುತ್ತಾನೆ. ಡೈರೆಕ್ಟರೂ ಬಂದ. ಬಂದು ಮೇಣದಬತ್ತಿಯ ಮುಂದೆ ಶಿಲುಬೆಯ ಗುರುತು ಹಾಕಿಕೊಂಡು, ಒಂದು ಚಮಚ ಬೇಯಿಸಿದ ಗೋಧಿ ಬಾಯಿಗೆ ಹಾಕಿಕೊಂಡು, ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ಕಿಟಕಿಯ ಪಕ್ಕ ಕೂತ. ಕಚೇರಿಯವರೇ ಆರು ಜನ ಇದ್ದೆವು: ಡೈರೆಕ್ಟರ್, ಅವನ ಡ್ರೈವರ್ ಮಿಲಿಸಾವ್, ಗೋದಾಮಿನವರು ಇಬ್ಬರು, ಕಚೇರಿಯ ಬರವಣಿಗೆ ಕೆಲಸದ ಹೆಂಗಸು ಒಬ್ಬರು, ಮತ್ತು ನಾನು. ಉಳಿದವರು ಅವಳ ತಂಗಿಯ ಕಡೆಯವರು.

“ಸ್ಮಿಲ್ಯಕ್ಕಾ, ಈ ಸಾರ್ಮ ತಿಂದ್ರೆ ಸತ್ತೋನೂ ಎದ್ದು ಕೂರ್ತಾನೆ ನೋಡಿ,” ಎಂದು ಡೈರೆಕ್ಟರ್ ಎಲೆಕೋಸಿನ ಸುರುಳಿಗಳನ್ನು ಒಂದರ ಮೇಲೊಂದು ಬಾಯಿಗೆ ತುಂಬಿಕೊಂಡ.

“ಸತ್ತೋರಿಗೂ ಉಳಿಸಿ ಡೈರೆಕ್ಟ್ರೇ, ಬದುಕಿರೋರಿಗೂ ಉಳಿಸಿ,” ಎಂದೆ ನಾನು. ಎಲ್ಲರೂ ನಕ್ಕರು. ಅವನೂ ನಕ್ಕ.

ಸ್ಮಿಲ್ಯಾನಾ ಬಾಟಲಿ ಹಿಡಿದು ಅವನ ಲೋಟಕ್ಕೆ ರಾಕಿಯ, ನಮ್ಮ ಪ್ಲಮ್ ಹಣ್ಣಿನ ಸಾರಾಯಿ, ಬಗ್ಗಿಸುತ್ತಿದ್ದಾಗ ಅವನ ಫೋನು ಹೊಡೆದುಕೊಂಡಿತು. ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಬಾಯಿ ತುಂಬ ಸಾರ್ಮ.

“ಖಚಿತವಾ ಅಂತ ಕೇಳ್ತಾ ಇದ್ಯಾ? ಕೇಳ್ಲಿ ಬಿಡು. ಒತ್ತು. ಒತ್ತಯ್ಯಾ, ಒತ್ತು!” ಎಂದು ಫೋನು ಜೇಬಿಗೆ ಹಾಕಿಕೊಂಡು ಲೋಟ ಎತ್ತಿದ. “ಒಳ್ಳೇದಾಗ್ಲಿ ಅಕ್ಕಾ, ಮುಂದಿನ ವರ್ಷಾನೂ ಹೀಗೇ ಸೇರೋಣ.”

ಏನು ಒತ್ತು, ಯಾರಿಗೆ ಒತ್ತು, ನಮಗೆ ಯಾರಿಗೂ ಹೊಳೆಯಲಿಲ್ಲ. ಹಬ್ಬದ ಮನೆಯಲ್ಲಿ ನೆಂಟನ ಫೋನಿನ ವಿಚಾರ ಯಾರು ಕೇಳುತ್ತಾರೆ? ಆಮೇಲೆ ಗೊತ್ತಾಯಿತು. ನಮ್ಮ ಕಚೇರಿಯ ಪದ್ಧತಿಯಂತೆ ಸ್ಮಿಲ್ಯಾನಾಳ ಪಾಸ್‌ವರ್ಡು ಮುಚ್ಚಿದ ಲಕೋಟೆಯಲ್ಲಿ ಡೈರೆಕ್ಟರ ಕಪಾಟಿನಲ್ಲಿ ಇರುತ್ತದೆ, ಅವಳಿಗೆ ಏನಾದರೂ ಆದರೆ ಇರಲಿ ಎಂದು. ಆ ಬೆಳಿಗ್ಗೆ ಅವನು ಲಕೋಟೆ ಒಡೆದು ಒಗ್ನೆನ್ ಕೈಗೆ ಕೊಟ್ಟಿದ್ದ. ಅವಳ ಕೋಣೆ, ಅವಳ ಕುರ್ಚಿ, ಅವಳ ಕಂಪ್ಯೂಟರು, ಅವಳ ಹೆಸರು. ಹಬ್ಬದ ದಿನವನ್ನೇ ಆರಿಸಿಕೊಂಡರು, ಯಾಕೆಂದರೆ ಯಜಮಾನಿ ಅವತ್ತು ಮನೆ ಬಿಟ್ಟು ಕದಲುವುದಿಲ್ಲ. ಇಂಥ ನೀಚಬುದ್ಧಿ ಹೊರಗಿನ ಕಳ್ಳರಿಗೂ ಬರಲಿಕ್ಕಿಲ್ಲ. ಒಗ್ನೆನ್ ಅರವತ್ತೊಂದು ನಿಯಮಗಳನ್ನೂ ತಡೆಯುವುದಕ್ಕೆ ತಿರುಗಿಸಿ, ಖಚಿತವಾ ಎಂದು ಪೆಟ್ಟಿಗೆ ಕೇಳಿದಾಗ ಡೈರೆಕ್ಟರಿಗೆ ಫೋನು ಮಾಡಿ ಒತ್ತಿ, ನೂರಕ್ಕೆ ನೂರು ಬಂದದ್ದನ್ನು ಫೋಟೊ ತೆಗೆದುಕೊಂಡು, ಕಾರು ಹತ್ತಿ ಬೆಲ್‌ಗ್ರೇಡಿಗೆ ಹೋದ.

ಎರಡು ಗಂಟೆಗೆ ಪಂಪುಗಳು ಒಟ್ಟಿಗೆ ಬಾಯಿ ತೆಗೆದವು. ಪೆಟ್ಟಿಗೆ ಇಪ್ಪತ್ತಮೂರರ ಬಾಯನ್ನೂ ಮುಚ್ಚಿತು. ಆ ದಿನ ಕಂಟ್ರೋಲ್ ಕೋಣೆಯಲ್ಲಿ ಕೂತಿದ್ದವನು ವುಕೊಮಾನ್, ಇರುವೆ ಮೆಟ್ಟಿದರೂ ಕ್ಷಮೆ ಕೇಳುವ ಮನುಷ್ಯ. ಪರದೆಯೆಲ್ಲ ಕಪ್ಪು. ಕೊಟ್ಟ ಆಜ್ಞೆ ಒಂದೂ ಪಂಪಿಗೆ ಮುಟ್ಟುತ್ತಿಲ್ಲ. ಕೈಯಿಂದ ಪಂಪು ಹಾಕಲು ಪಂಪ್ ಮನೆಗಳಲ್ಲಿ ಕಾವಲುಗಾರರೂ ಇಲ್ಲ. ಗುಡ್ಡದ ಮೇಲಿನ ಟ್ಯಾಂಕು ಇಳಿಯುತ್ತಿದೆ. ಊರಿನ ಎಷ್ಟೋ ಮನೆಗಳಲ್ಲಿ ಹಬ್ಬ, ನೀರು ಸುರಿದಂತೆ ಹೋಗುತ್ತಿದೆ. ಅವನು ಡೈರೆಕ್ಟರಿಗೆ ಫೋನು ಮಾಡಿದ. ಡೈರೆಕ್ಟರ್ ಆಗಲೇ ನಮ್ಮಲ್ಲಿಂದ ಎದ್ದು ಇನ್ನೊಂದು ಹಬ್ಬದ ಮನೆಗೆ ಹೋಗಿದ್ದ.

“ಹಬ್ಬದ ದಿನ ತಲೆ ತಿನ್ಬೇಡ ಮಾರಾಯ. ಸ್ಮಿಲ್ಯಾನಾನ್ನ ಕೇಳು.”

ವುಕೊಮಾನ್ ಅವಳಿಗೆ ಒಂಬತ್ತು ಸಲ ಫೋನು ಮಾಡಿದ. ಸ್ಲಾವದ ದಿನ ಅವಳ ಫೋನು ಉಗ್ರಾಣದಲ್ಲಿ ಉಪ್ಪಿನಕಾಯಿ ಜಾಡಿಗಳ ನಡುವೆ ಇರುತ್ತದೆ. ಬೇಕಾದವರು ಕಾಲಲ್ಲಿ ನಡೆದುಕೊಂಡು ಬರಲಿ ಎನ್ನುವುದು ಅವಳ ಕ್ರಮ. ಕೊನೆಗೆ ಅವನು ಕಂಟ್ರೋಲ್ ಕೋಣೆ ಬಿಟ್ಟು ಸೈಕಲ್ ಹತ್ತಿ ಬಂದ. ಬಂದು ಬಾಗಿಲಲ್ಲಿ ನಿಂತ. ಹಬ್ಬದ ಮನೆಗೆ ಬಂದವನನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಗೋಧಿಯ ಬಟ್ಟಲು ಮುಂದೆ ಹಿಡಿಯುತ್ತೇವೆ, ಅಷ್ಟೇ.

“ಬಾ ಬಾ ವುಕೊಮಾನ್, ಕೊನೆಗೂ ನಾಚಿಕೆ ಬಿಟ್ಟು ಬಂದ್ಯಲ್ಲ!” ಎಂದು ನಾನೇ ಅವನ ತೋಳು ಹಿಡಿದು ಎಳೆದೆ. ಅವನು ಶಿಲುಬೆಯ ಗುರುತು ಹಾಕಿಕೊಂಡ. ಗೋಧಿ ತಿಂದ. ಯಾರೋ ಲೋಟ ಕೈಗೆ ಕೊಟ್ಟರು, ಯಾರೋ ಕುರ್ಚಿ ಸರಿಸಿದರು. ತಂಗಿಯ ಗಂಡ ಹಾರೈಕೆಯ ಮಾತಾಡಲು ಎದ್ದು ನಿಂತ. ಅದರ ನಡುವೆ ಬಾಯಿ ಹಾಕುವುದು ಹೇಗೆ? ಹತ್ತು ನಿಮಿಷ ಆ ಬಡಪಾಯಿ ಬೆವರುತ್ತ ಕೂತ.

“ಸ್ಮಿಲ್ಯಕ್ಕಾ,” ಎಂದ ಆಮೇಲೆ, ಅಳುವ ದನಿಯಲ್ಲಿ. “ನಿಮ್ಮ ಹಬ್ಬ ಚೆನ್ನಾಗಿರ್ಲಿ ಅಕ್ಕಾ. ಊರಲ್ಲಿ ನೀರಿಲ್ಲ.”

ಸ್ಮಿಲ್ಯಾನಾ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

“ಜಿವೊತ, ನನ್ನ ಬದಲು ನೀನು ನಿಂತ್ಕೊ. ಕೂರ್ಬೇಡ. ದೀಪ ನೋಡ್ಕೊ.”

ಏಪ್ರನ್ ಕಟ್ಟಿಕೊಂಡೇ ಓಡಿದಳು. ಅವಳ ಮನೆಯಲ್ಲಿ, ಅವಳ ಸಂತನ ಮುಂದೆ, ಅವಳ ನೆಂಟರಿಗೆ ನಾನು ಕತ್ತಲಾಗುವ ತನಕ ನಿಂತು ಬಡಿಸಿದೆ. ಇದನ್ನು ನೀವು ಮರೆಯಬೇಡಿ.

ಇಪ್ಪತ್ತು ನಿಮಿಷದಲ್ಲಿ ಅವಳು ಪೆಟ್ಟಿಗೆಯನ್ನು ಸರಿಮಾಡಿದಳು. ಆದರೆ ಟ್ಯಾಂಕು ಆಗಲೇ ಬರಿದಾಗಿತ್ತು, ಪೈಪುಗಳಲ್ಲಿ ಗಾಳಿ ಸೇರಿತ್ತು. ನನ್ನ ಗ್ಯಾಂಗು ಮರುದಿನ ಪೂರ್ತಿ ಗಾಳಿ ಬಿಡಿಸಿತು. ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಿಂತು, ಹದಿನಾಲ್ಕು ರೋಗಿಗಳನ್ನು ಬಸ್ಸಿನಲ್ಲಿ ಕ್ರಾಲ್ಯೆವೊ ನಗರಕ್ಕೆ ಸಾಗಿಸಿದರು. ಪತ್ರಿಕೆಯವರು ಬಂದರು. ಪತ್ರಿಕೆಯವರು ಬಂದ ಮೇಲೆ ಒಬ್ಬ ತಪ್ಪಿತಸ್ಥ ಬೇಕಲ್ಲ.

ಪೆಟ್ಟಿಗೆ ತನ್ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂದು ಬರೆದುಕೊಳ್ಳುತ್ತದೆ. ಅದರಲ್ಲಿ ಸ್ಪಷ್ಟವಾಗಿ ಇತ್ತು: ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ, ಸ್ಮಿಲ್ಯಾನಾ ಪೆಯೋವಿಚ್. ಒಗ್ನೆನ್ ಹನ್ನೊಂದಕ್ಕೇ ಊರು ಬಿಟ್ಟಿದ್ದ ಎಂದು ಅವನ ಕಂಪನಿ ಪತ್ರ ಬರೆಯಿತು. ಲಕೋಟೆಯೇ? ಅದು ಒಡೆದೇ ಇಲ್ಲ ಎಂದು ಡೈರೆಕ್ಟರ್ ಹೊಚ್ಚಹೊಸ ಲಕೋಟೆ ತೋರಿಸಿದ. ‘ನಿಯಮಗಳನ್ನು ನಾನೇ ಬದಲಿಸಿದೆ, ಎಡವಟ್ಟಾಯಿತು’ ಎಂದು ಅವಳು ಒಂದು ಹೇಳಿಕೆಗೆ ಸಹಿ ಹಾಕಬೇಕು. ಹಾಕಿದರೆ ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಹಾಕದಿದ್ದರೆ ಮನೆಗೆ. ಅವಳ ಪಿಂಚಣಿಗೆ ಹತ್ತೊಂಬತ್ತು ತಿಂಗಳು ಬಾಕಿ ಇತ್ತು.

“ಹಾಕ್ಬಿಡು ಸ್ಮಿಲ್ಯಾ,” ಎಂದೆ ಬೇಲಿಯ ಮೇಲಿಂದ. “ಹತ್ತೊಂಬತ್ತು ತಿಂಗಳು ತಾನೆ?”

“ಆ ಬಸ್ಸಲ್ಲಿ ಹೋದ ಹದಿನಾಲ್ಕು ಜನ ನನ್ನಿಂದ ಹೋದ್ರು ಅಂತ ನಾನೇ ಬರೆದುಕೊಡ್ಲಾ?” ಎಂದಳು. “ನಾನ್ಯಾಕೋ ಹೆದರ್ಲಿ? ಆರು ಜನ ನನ್ನ ಮೇಜಿನ ಸುತ್ತ ಕೂತಿದ್ರಿ. ಒಬ್ಬ ಬಾಯಿ ಬಿಟ್ರೆ ಸಾಕು.”

ವಿಚಾರಣೆ ಹತ್ತನೇ ದಿನ. ಉದ್ದ ಮೇಜಿನ ತುದಿಯಲ್ಲಿ ಡೈರೆಕ್ಟರ್, ಪಕ್ಕದಲ್ಲಿ ಕಚೇರಿಯ ವಕೀಲೆ. ಸಾಕ್ಷಿಗೆ ಸಂಬಂಧಿಕರು ಆಗುವುದಿಲ್ಲ, ಸಿಬ್ಬಂದಿಯೇ ಆಗಬೇಕು ಎಂದು ಮೊದಲೇ ಹೇಳಿದ್ದರು. ನಾವೆಲ್ಲ ಕೂತಿದ್ದೆವು.

“ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ನನ್ನ ಮನೇಲಿ ಡೈರೆಕ್ಟ್ರಿಗೆ ರಾಕಿಯ ಬಗ್ಗಿಸ್ತಾ ಇದ್ದೆ,” ಎಂದಳು ಸ್ಮಿಲ್ಯಾನಾ. “ಫೋನಲ್ಲಿ ಒತ್ತು ಅಂದಿದ್ದು ಅವರೇ. ಕೇಳಿ.”

ವಕೀಲೆ ಡೈರೆಕ್ಟರ ಕಡೆ ತಿರುಗಿದಳು. ಅವನು ಎರಡೂ ಕೈ ಬಿಡಿಸಿ ತೋರಿಸಿದ.

“ಲೂಕನ ದಿನ ನಾನು ನಾಲ್ಕು ಮನೆಗೆ ಹೋಗಿದ್ದೆ. ಎಲ್ಲಿ ಎಷ್ಟು ಗಂಟೆಗೆ ಇದ್ದೆ ಅಂತ ನೆನಪಿಲ್ಲ. ಶ್ರೀಮತಿ ಪೆಯೋವಿಚ್ ಅವರ ಮನೆಗೆ ಬೆಳಿಗ್ಗೇನೇ ಹೋಗಿ ಬಂದಿದ್ದೆ ಅನ್ಸುತ್ತೆ.”

ಶ್ರೀಮತಿ ಪೆಯೋವಿಚ್! ಹತ್ತು ದಿನದ ಹಿಂದೆ ಅಕ್ಕ ಆಗಿದ್ದವಳು! ಹಬ್ಬದ ಮನೆಯ ಅನ್ನ ತಿಂದು ತಿಂದಿಲ್ಲ ಎನ್ನುವವನನ್ನು ಈ ಸೀಮೆಯಲ್ಲಿ ನನ್ನ ಅಜ್ಜನ ಕಾಲದಲ್ಲಾದರೆ ಯಾರೂ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ.

ವುಕೊಮಾನ್ ಎದ್ದು ನಿಂತು, “ನಾನು ಹೇಳ್ತೀನಿ,” ಎಂದ. ನೀವು ಎಷ್ಟು ಗಂಟೆಗೆ ಅಲ್ಲಿಗೆ ಹೋದದ್ದು ಎಂದು ವಕೀಲೆ ಕೇಳಿದಳು. ಮೂರೂವರೆಗೆ. ಹಾಗಾದರೆ ಕೂತುಕೊಳ್ಳಿ ಎಂದಳು. ಡ್ರೈವರ್ ಮಿಲಿಸಾವ್ ತಾನು ಕಾರಿನಲ್ಲೇ ಇದ್ದೆ ಎಂದ. ಮೂರು ಪ್ಲೇಟು ತಿಂದಿದ್ದ, ನಾನೇ ನೋಡಿದ್ದೆ. ಗೋದಾಮಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಡಿಯಾರ ಕಟ್ಟಿರಲಿಲ್ಲ ಎಂದರು. ಬರವಣಿಗೆಯ ಹೆಂಗಸು ಅತ್ತುಬಿಟ್ಟಳು, ಅಷ್ಟೇ. ಥೂ, ಎಂಥ ಜನ!

ಆಮೇಲೆ ಸ್ಮಿಲ್ಯಾನಾ ನನ್ನ ಕಡೆ ನೋಡಿದಳು. ನೋಡಿದಳು ಅಷ್ಟೇ, ಕೇಳಲಿಲ್ಲ.

ನನ್ನ ಮಗಳು ಯಾಗೊಡ ಅದೇ ಕಚೇರಿಯಲ್ಲಿದ್ದಾಳೆ. ಕಾಯಂ ಅಲ್ಲ. ಮೂರು ಮೂರು ತಿಂಗಳಿಗೆ ಡೈರೆಕ್ಟರ್ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ವಾರವೇ ಅವಳ ಕಾಗದ ಅವನ ಮೇಜಿನ ಮೇಲಿತ್ತು.

“ಸ್ವಲ್ಪ ಜಾಸ್ತಿ ಕುಡಿದಿದ್ದೆ,” ಎಂದೆ. “ಗಂಟೆ ಗಮನಿಸ್ಲಿಲ್ಲ.”

ಇಷ್ಟು ಹೊತ್ತು ನಾನು ಉಗಿದದ್ದೆಲ್ಲ ಯಾರ ಮುಖಕ್ಕೆ ಬೀಳಬೇಕು ಎಂದು ನಿಮಗೆ ಈಗ ಗೊತ್ತಾಯಿತು.

ಅವಳು ಪೆನ್ನು ಕೇಳಿದಳು. ಡೈರೆಕ್ಟರ್ ತನ್ನದನ್ನೇ ಕೊಟ್ಟ, ಸಹಿ ಹಾಕುತ್ತಾಳೆ ಎಂದು. ಅವಳು ಹೇಳಿಕೆಯ ಕೆಳಗೆ ಬಹಳ ಹೊತ್ತು ಬರೆದಳು, ಮೊದಲ ಕನ್ನಡಕದ ಮೇಲೆ ಎರಡನೆಯದನ್ನು ಏರಿಸಿಕೊಂಡು. ಬರೆದು ಕಾಗದವನ್ನು ವಕೀಲೆಯ ಕಡೆ ತಳ್ಳಿದಳು. ಕಡತಕ್ಕೆ ಸೇರುವುದನ್ನು ಗಟ್ಟಿಯಾಗಿ ಓದಬೇಕು ಎಂಬುದು ನಿಯಮ. ವಕೀಲೆ ಓದಿದಳು.

“ಮೇಲಿನದು ಸುಳ್ಳು. ಆ ಹೊತ್ತಿನಲ್ಲಿ ನನ್ನ ಮೇಜಿನ ಸುತ್ತ ಕೂತಿದ್ದವರು: ಕಿಟಕಿಯ ಪಕ್ಕ ಡೈರೆಕ್ಟರ್ ತಿಹೊಮಿರ್ ಗಾಚಿಚ್. ಅವರ ಎಡಕ್ಕೆ ಮಿಲಿಸಾವ್.” ಹೀಗೆ ಒಬ್ಬೊಬ್ಬರೂ, ಕೂತ ಸಾಲಿನಲ್ಲೇ. ಕೊನೆಯಲ್ಲಿ ನಾನು. ವಕೀಲೆ ಡೈರೆಕ್ಟರ ಮುಖ ನೋಡಿ, ಮತ್ತೆ ಓದಿದಳು. “ಬಾಗಿಲ ಪಕ್ಕ ಜಿವೊತ. ಇವನಿಗೆ ಗೊತ್ತು. ಇವನ ಮಗಳು ಮೂರು ತಿಂಗಳ ಕಾಗದದ ಮೇಲಿದ್ದಾಳೆ. ಇವನನ್ನು ಒತ್ತಾಯ ಮಾಡಬೇಡಿ.”

ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದೆ. ಹೊಡೆದಿದ್ದರೆ ತಿನ್ನುತ್ತಿದ್ದೆ. ಇದನ್ನು ಏನು ಮಾಡಲಿ? ಆಗಲಾದರೂ ಎದ್ದು ನಿಲ್ಲಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಕಡತ ಮುಚ್ಚಿದರು. ಕಾರಿಡಾರಿಗೆ ಬಂದ ಮೇಲೆ ಎಷ್ಟು ಕೂಗಾಡಿದೆ ಎನ್ನುತ್ತೀರಿ! ಡೈರೆಕ್ಟರ ಅಪ್ಪ ಅಮ್ಮ ಯಾರನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳಲು ಅಲ್ಲಿ ಇದ್ದವಳು ನೆಲ ಒರೆಸುವ ಹೆಂಗಸು ಒಬ್ಬಳೇ.

ಅವಳನ್ನು ಕೆಲಸದಿಂದ ತೆಗೆದರು. ಈಗ ತಂಗಿಯ ಮಗನ ಅಂಗಡಿಯಲ್ಲಿ ಕೂತು ಊರಿನವರ ವಾಷಿಂಗ್ ಮಷೀನ್ ರಿಪೇರಿ ಮಾಡುತ್ತಾಳೆ. ನೀರು ನಿಲ್ಲಿಸಿದವಳು ಇವಳೇ ಎಂದು ನಂಬಿಯೂ ಜನ ಮಷೀನ್ ತಂದಿಡುತ್ತಾರೆ. ಅವಳು ರಿಪೇರಿ ಮಾಡಿಕೊಡುತ್ತಾಳೆ. ಬೇಲಿಯ ಆಚೆ ನನ್ನನ್ನು ಕಂಡರೆ ಮೊದಲಿನಂತೆಯೇ ‘ಏನೋ ಜಿವೊತ’ ಎನ್ನುತ್ತಾಳೆ. ನಾನು ಕಾಣಿಸಿಕೊಳ್ಳುವುದನ್ನು ಕಡಿಮೆ ಮಾಡಿದ್ದೇನೆ.

ಮೊನ್ನೆ ಯಾಗೊಡ ಕಚೇರಿಯಿಂದ ಬಂದವಳು ಕೋಟು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅಪ್ಪಾ, ನನ್ನ ಕಾಯಂ ಮಾಡಿದ್ರು. ಸ್ಮಿಲ್ಯತ್ತೆ ಜಾಗ ಕೊಟ್ಟಿದ್ದಾರೆ. ಪೆಟ್ಟಿಗೇನ ನಾನೇ ನೋಡ್ಕೊಬೇಕಂತೆ.” ಅವಳ ಮುಖದಲ್ಲಿ ಖುಷಿ ಇರಲಿಲ್ಲ. “ನಂಗೆ ಅದರದ್ದು ಒಂದಕ್ಷರಾನೂ ಗೊತ್ತಿಲ್ಲ. ಅಷ್ಟು ಜನ ಇದ್ರು, ನಂಗೇ ಯಾಕಪ್ಪ ಕೊಟ್ರು?”

ನಾನು ಸೂಪಿನ ತಟ್ಟೆಯನ್ನು ಅವಳ ಕಡೆ ಸರಿಸಿ, ಆರುತ್ತದೆ, ಊಟ ಮಾಡು ಎಂದೆ.